ಕಾಡಿನ ಮನೆಯಲ್ಲಿದ್ದು ಚಿತ್ರ ಬರೆಯುವುದು: ರಾಕಿ ಮೌಂಟನ್ ಉದ್ಯಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೊಲೊರಾಡೊ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಚಿತ್ರಕಾರಳಾಗಿ ಉಳಿದು ಬಂದಾಗಿನಿಂದ ಒಂದಿಷ್ಟು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತಿವೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಕೆಲವು, ಊರಿಂದ ಬರುವ ಫೋನಿನಲ್ಲಿ ಕೆಲವು, ಕಲಾ ವಿದ್ಯಾರ್ಥಿಗಳ ಪತ್ರಗಳಲ್ಲಿ ಇನ್ನಷ್ಟು. ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ನಿಮಗೆ ಬೇಕಾದಲ್ಲಿಂದ ಓದಬಹುದು.

## ಮೊದಲು ತಿಳಿಯಬೇಕಾದ್ದು

"ಪಾರ್ಕಿನಲ್ಲಿ ಇದ್ದು ಚಿತ್ರ ಬರೆಯೋದು ಅಂದ್ರೆ ಏನು? ಸಂಬಳ ಕೊಡ್ತಾರಾ?"

ಸಂಬಳ ಇಲ್ಲ. ಇರಲು ಮನೆ ಕೊಡುತ್ತಾರೆ, ಜೊತೆಗೆ ಬಿಡುವು. ಅಮೆರಿಕದ ಹಲವು ರಾಷ್ಟ್ರೀಯ ಉದ್ಯಾನಗಳು ಚಿತ್ರಕಾರರು, ಛಾಯಾಗ್ರಾಹಕರು, ಬರಹಗಾರರು, ಸಂಗೀತಗಾರರನ್ನು ಕೆಲವು ವಾರ ತಮ್ಮೊಳಗೆ ಇರಿಸಿಕೊಳ್ಳುತ್ತವೆ. 'ಆರ್ಟಿಸ್ಟ್ ಇನ್ ರೆಸಿಡೆನ್ಸ್' ಎಂದು ಇದಕ್ಕೆ ಹೆಸರು. ರಾಕಿ ಮೌಂಟನ್‌ನಲ್ಲಿ 1980ರ ದಶಕದಿಂದ ಇದು ನಡೆದು ಬಂದಿದೆ. ಸಾಮಾನ್ಯವಾಗಿ ಒಬ್ಬರಿಗೆ ಎರಡು ವಾರ, ಅದೂ ಬೇಸಿಗೆಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ.

ಉಳಿಯುವ ಮನೆಗೂ ಒಂದು ಕಥೆಯಿದೆ. ಮೊರೇನ್ ಪಾರ್ಕ್ ಎಂಬ ಅಗಲವಾದ ಹುಲ್ಲುಗಾವಲಿನ ಮೇಲಿರುವ ಆ ಮರದ ಮನೆ ಕ್ಯಾನ್ಸಸ್‌ನ ಪತ್ರಿಕಾ ಸಂಪಾದಕ ವಿಲಿಯಂ ಅಲೆನ್ ವೈಟ್ ಅವರದು. 1912ರಿಂದ 1943ರವರೆಗೆ ಅವರ ಬೇಸಿಗೆಗಳು ಅಲ್ಲೇ ಕಳೆದವು. ಪ್ರತಿಯಾಗಿ ಚಿತ್ರಕಾರರು ಉದ್ಯಾನಕ್ಕೆ ಬಂದ ಜನರ ಮುಂದೆ ಮಾತಾಡಬೇಕು ಇಲ್ಲವೇ ಬರೆದು ತೋರಿಸಬೇಕು, ಆಮೇಲೆ ಒಂದು ಕೃತಿಯನ್ನು ಉದ್ಯಾನಕ್ಕೆ ಕೊಡಬೇಕು. ಊಟ, ಓಡಾಟ, ಬಣ್ಣ, ಕಾಗದ ಎಲ್ಲ ಸ್ವಂತ ಖರ್ಚು.

"ಕಾಡು ಕಾಯೋ ಇಲಾಖೆಗೆ ಚಿತ್ರಕಾರರಿಂದ ಏನಾಗಬೇಕು?"

ಅಲ್ಲಿಯ ಉದ್ಯಾನಗಳ ಹುಟ್ಟಿನಲ್ಲೇ ಚಿತ್ರಕಾರರ ಕೈಯಿದೆ. 1871ರಲ್ಲಿ ಭೂವಿಜ್ಞಾನಿ ಫರ್ಡಿನಾಂಡ್ ಹೇಡನ್ ಯೆಲ್ಲೋಸ್ಟೋನ್ ಸಮೀಕ್ಷೆಗೆ ಹೊರಟಾಗ ಚಿತ್ರಕಾರ ಥಾಮಸ್ ಮೊರಾನ್ ಮತ್ತು ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ ಜೊತೆಗಿದ್ದರು. ಬಿಸಿನೀರಿನ ಬುಗ್ಗೆ, ಹಳದಿ ಕಣಿವೆ ಎಂದು ಬಾಯಲ್ಲಿ ಹೇಳಿದರೆ ನಂಬದಿದ್ದ ವಾಷಿಂಗ್ಟನ್‌ನ ಮಂದಿ ಇವರ ಜಲವರ್ಣಗಳನ್ನೂ ಫೋಟೋಗಳನ್ನೂ ಕಣ್ಣಾರೆ ಕಂಡರು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಮೊರಾನ್ ಬರೆದ ಕಣಿವೆಯ ದೊಡ್ಡ ತೈಲಚಿತ್ರವನ್ನು ಅಮೆರಿಕದ ಕಾಂಗ್ರೆಸ್ 10,000 ಡಾಲರ್ ಕೊಟ್ಟು ಕೊಂಡಿತು.

ರಾಕಿ ಮೌಂಟನ್ ಉದ್ಯಾನವಾದದ್ದು 1915ರ ಜನವರಿ 26ರಂದು. ಅದಕ್ಕೂ ಬಹಳ ಮುಂಚೆ, 1870ರ ದಶಕದಲ್ಲೇ, ಆಲ್ಬರ್ಟ್ ಬಿಯರ್‌ಸ್ಟಾಟ್ ಅಲ್ಲಿಗೆ ಬಂದು ಲಾಂಗ್ಸ್ ಶಿಖರವನ್ನು ಬರೆದಿದ್ದರು. ಎಸ್ಟೆಸ್ ಪಾರ್ಕ್ ಕಣಿವೆಯನ್ನು ತನ್ನ ಖಾಸಗಿ ಬೇಟೆ ಕಾಡು ಮಾಡಿಕೊಳ್ಳಲು ಹೊರಟಿದ್ದ ಲಾರ್ಡ್ ಡನ್‌ರೇವನ್ ಅದನ್ನು ಬರೆಸಿದ್ದು. ಆ ಶ್ರೀಮಂತನ ಆಸೆ ಕೈಗೂಡಲಿಲ್ಲ. ಚಿತ್ರಕಾರನ ಹೆಸರು ಮಾತ್ರ ಬಿಯರ್‌ಸ್ಟಾಟ್ ಕೆರೆಯಲ್ಲಿ ಇಂದಿಗೂ ಇದೆ.

"ಅಕ್ಕಾ, ಬೆಂಗಳೂರಿನಿಂದ ಅರ್ಜಿ ಹಾಕಬಹುದಾ?"

ಒಂದೊಂದು ಉದ್ಯಾನದ ನಿಯಮ ಒಂದೊಂದು ಥರ. ಕೆಲವು ಅಮೆರಿಕದಲ್ಲಿ ನೆಲೆಸಿದವರನ್ನು ಮಾತ್ರ ತೆಗೆದುಕೊಳ್ಳುತ್ತವೆ, ಕೆಲವು ಹೊರದೇಶದವರಿಗೂ ಅವಕಾಶ ಕೊಡುತ್ತವೆ. ಬಹಳ ಕಡೆ ಚಿತ್ರಕಾರರನ್ನು ಸ್ವಯಂಸೇವಕರೆಂದು ದಾಖಲಿಸುವುದರಿಂದ ಪ್ರವಾಸಿ ವೀಸಾದಲ್ಲಿ ಬಂದು ಇದನ್ನು ಮಾಡಬಹುದು ಎಂದುಕೊಳ್ಳಬೇಡಿ. ಯಾವ ವೀಸಾ ಬೇಕು ಎಂಬುದನ್ನು ಆ ಉದ್ಯಾನದ ಸಂಯೋಜಕರಿಂದ ಬರವಣಿಗೆಯಲ್ಲೇ ತರಿಸಿಕೊಂಡು ಆಮೇಲೆ ಟಿಕೆಟ್ ಮಾಡಿಸಿ. ಅರ್ಜಿಯ ಕರೆಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷದ ಮಾಹಿತಿ ನಂಬಿ ಕೂರಬೇಡಿ.

"ನಾನು ಆರ್ಟ್ ಸ್ಕೂಲಲ್ಲಿ ಓದಿಲ್ಲ. ನನ್ನನ್ನ ತಗೊಳ್ತಾರಾ?"

ಆಯ್ಕೆಯವರು ನೋಡುವುದು ನಿಮ್ಮ ಕೆಲಸವನ್ನು, ಮತ್ತು ಆ ಜಾಗದಲ್ಲೇ ಇದ್ದು ಏನು ಮಾಡಬೇಕೆಂದಿದ್ದೀರಿ ಎಂಬುದನ್ನು. "ಪ್ರಕೃತಿ ನನಗೆ ಸ್ಫೂರ್ತಿ" ಎಂದು ಬರೆದ ಅರ್ಜಿ ನೂರಾರು ಬರುತ್ತವೆ. "ಮರಗಳ ಎಲ್ಲೆ ಮುಗಿಯುವ ಎತ್ತರದಲ್ಲಿ ಗಾಳಿಗೆ ಬಾಗಿ ಬೆಳೆದ ಪೈನ್ ಮರಗಳನ್ನು ಇದ್ದಿಲಿನಲ್ಲಿ ಬರೆಯಬೇಕು" ಎಂದರೆ ಓದಿದವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಟ್ಟುತ್ತದೆ. ಚಿತ್ರಗಳನ್ನು ಕಳಿಸುವಾಗ ಒಂದೇ ಬಗೆಯವನ್ನು ಕಳಿಸಿ. ದೇವರ ಚಿತ್ರ, ಭಾವಚಿತ್ರ, ಬೆಟ್ಟ ಎಲ್ಲ ಬೆರೆತರೆ ನಿಮ್ಮ ಕೈ ಯಾವುದೆಂದು ತಿಳಿಯುವುದಿಲ್ಲ.

## ಹೊರಡುವ ಮುನ್ನ

"ಯಾವ ತಿಂಗಳು ಒಳ್ಳೇದು?"

ಏನು ಬರೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಜೂನ್‌ನಲ್ಲಿ ಮೇಲಿನ ಬೆಟ್ಟಗಳಲ್ಲಿ ಇನ್ನೂ ಹಿಮ, ತೊರೆಗಳಲ್ಲಿ ತುಂಬಿದ ನೀರು. ಜುಲೈನಲ್ಲಿ ಮರಗಳ ಎಲ್ಲೆ ದಾಟಿದ ಬಯಲಿನಲ್ಲಿ ಹೂವು, ಆದರೆ ಮಧ್ಯಾಹ್ನವಾದರೆ ಸಿಡಿಲು. ನನಗೆ ಇಷ್ಟವಾದದ್ದು ಸೆಪ್ಟೆಂಬರ್. ಆಸ್ಪೆನ್ ಮರದ ಎಲೆಗಳು ಹಳದಿಯಾಗುತ್ತವೆ, ಎಲ್ಕ್ ಎಂಬ ದೊಡ್ಡ ಜಿಂಕೆಗಳಲ್ಲಿ ಗಂಡುಗಳು ಹೆಣ್ಣುಗಳನ್ನು ಕರೆಯುತ್ತ ಕೂಗುತ್ತವೆ, ಬಿಸಿಲು ಓರೆಯಾಗಿ ಬೀಳುವುದರಿಂದ ನೆರಳುಗಳು ಉದ್ದವಾಗಿರುತ್ತವೆ. ಬೆಳಗಿನ ಜಾವ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ, ಅದಕ್ಕೆ ಸಿದ್ಧವಾಗಿ ಹೋಗಿ.

"ಎತ್ತರದಲ್ಲಿ ಉಸಿರು ಕಟ್ಟುತ್ತೆ ಅಂತಾರೆ, ನಿಜಾನಾ?"

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮೊರೇನ್ ಪಾರ್ಕಿನ ಹುಲ್ಲುಗಾವಲೇ ಸುಮಾರು 2,450 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಟ್ರೇಲ್ ರಿಡ್ಜ್ ರಸ್ತೆ ಹಿಡಿದರೆ ಕಾರಿನಲ್ಲೇ 3,713 ಮೀಟರ್ ಮುಟ್ಟಬಹುದು. ಮೊದಲೆರಡು ದಿನ ತಲೆನೋವು, ನಿದ್ದೆಗೇಡು ಸಾಮಾನ್ಯ. ಆ ದಿನಗಳಲ್ಲಿ ಬೆಟ್ಟ ಹತ್ತದೆ ಮನೆಯ ಸುತ್ತಮುತ್ತಲೇ ಬರೆಯಿರಿ, ನೀರು ಜಾಸ್ತಿ ಕುಡಿಯಿರಿ. ತಲೆನೋವು ಕಡಿಮೆಯಾಗದೆ ವಾಂತಿಯೂ ಶುರುವಾದರೆ ಕಾಯದೆ ಕೆಳಗಿಳಿಯಬೇಕು.

ಅಡುಗೆಗೂ ಎತ್ತರ ತಟ್ಟುತ್ತದೆ. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುವುದರಿಂದ ಬರೀ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ ಅನ್ನಿಸಿಬಿಡುತ್ತದೆ. ಚಿಕ್ಕದೊಂದು ಕುಕ್ಕರ್ ಜೊತೆಗಿರಲಿ. ತಿನ್ನುವ ಯಾವುದನ್ನೂ ಕಾರಿನಲ್ಲಿ ಬಿಡಬೇಡಿ, ಕರಡಿಗೆ ಕಾರಿನ ಬಾಗಿಲು ದೊಡ್ಡ ವಿಷಯವಲ್ಲ.

"ಏನೇನು ಸಾಮಾನು ಕಟ್ಟಿಕೊಳ್ಳಲಿ? ಆಯಿಲ್ ಪೇಂಟ್ ತರಬಹುದಾ?"

ವಿಮಾನದಲ್ಲಿ ಟರ್ಪೆಂಟೈನ್ ಒಯ್ಯುವಂತಿಲ್ಲ. ಹಾಗಾಗಿ ತೈಲವರ್ಣದವರು ತೆಳುಗೊಳಿಸುವ ದ್ರವವನ್ನು ಹತ್ತಿರದ ದೊಡ್ಡ ನಗರ ಡೆನ್ವರ್‌ನಲ್ಲೇ ಕೊಳ್ಳಬೇಕು, ಒಣಗದ ಕ್ಯಾನ್ವಾಸ್ ವಾಪಸ್ ತರುವ ಪೆಟ್ಟಿಗೆಯನ್ನೂ ಯೋಚಿಸಿಕೊಂಡಿರಬೇಕು. ಎರಡು ವಾರಕ್ಕೆ ನನ್ನ ಆಯ್ಕೆ ಜಲವರ್ಣ, ಗ್ವಾಶ್ (ಕಾಗದ ಕಾಣದಂತೆ ಮುಚ್ಚುವ ಗಟ್ಟಿ ಜಲವರ್ಣ) ಮತ್ತು ಪೆನ್ಸಿಲ್. ಕಾಗದ ಮಾತ್ರ ಅಗ್ಗದ್ದು ಬೇಡ. 300 ಜಿಎಸ್‌ಎಂ ಹತ್ತಿ ಕಾಗದ ಒಣಗಾಳಿಯಲ್ಲೂ ಸುರುಳಿಯಾಗುವುದು ಕಡಿಮೆ. ಅಗಲ ಅಂಚಿನ ಟೋಪಿ, ಬೆರಳ ತುದಿ ತೆರೆದಿರುವ ಕೈಗವಸು, ಕೂರಲು ಫೋಮಿನ ಒಂದು ತುಂಡು. ಇವು ದುಬಾರಿ ಬ್ರಶ್ಶಿಗಿಂತ ಹೆಚ್ಚು ಕೆಲಸ ಮಾಡುತ್ತವೆ, ಏಕೆಂದರೆ ಮೈಗೆ ಹಿತವಿದ್ದರೆ ಇನ್ನೊಂದು ಗಂಟೆ ಕೂರುತ್ತೀರಿ.

"ಅಲ್ರೀ, ಅಷ್ಟು ಎತ್ತರದಾಗ ಬಣ್ಣ ಹೆಂಗ ವರ್ತಿಸ್ತಾವ?"

ಬಯಲುಸೀಮೆಯ ಬೇಸಿಗೆಯಲ್ಲಿ ಬರೆದವರಿಗೆ ಅರ್ಧ ಗೊತ್ತಿರುತ್ತದೆ. ಗಾಳಿ ತೆಳು, ತೇವ ಕಡಿಮೆ, ಬಿಸಿಲು ಚುರುಕು. ಆಕಾಶಕ್ಕೆಂದು ಹಾಕಿದ ವಾಶ್, ಅಂದರೆ ನೀರಾದ ಬಣ್ಣದ ತೆಳು ಪದರ, ಕಾಗದದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿ ಒಣಗಿ ಗೆರೆ ಎದ್ದಿರುತ್ತದೆ. ಕಾಗದದ ಎರಡೂ ಬದಿ ನೀರು ಸವರಿ ಹಲಗೆಗೆ ಅಂಟಿಸಿಕೊಂಡರೆ ಸ್ವಲ್ಪ ಸಮಯ ಸಿಗುತ್ತದೆ. ನೀರಿಗೆ ಒಂದೆರಡು ತೊಟ್ಟು ಗ್ಲಿಸರಿನ್ ಹಾಕುವವರೂ ಇದ್ದಾರೆ. ಚಿತ್ರದ ಅಳತೆಯನ್ನೇ ಕಿರಿದಾಗಿಸುವುದು ಇನ್ನೂ ಸುಲಭ.

ಕೆಳಗಿನ ಊರಲ್ಲಿ ಬಿಗಿಯಾಗಿ ಮುಚ್ಚಿದ ಟ್ಯೂಬನ್ನು ಮೇಲೆ ತೆರೆದರೆ ಒಳಗಿನ ಗಾಳಿ ಹಿಗ್ಗಿ ಬಣ್ಣ ತಾನಾಗಿಯೇ ಹೊರಬರುತ್ತದೆ. ಮುಚ್ಚಳವನ್ನು ಪ್ಯಾಲೆಟ್ ಮೇಲೆ ಹಿಡಿದು ನಿಧಾನವಾಗಿ ತಿರುಗಿಸಿ. ಇಂಕ್ ಪೆನ್ನನ್ನು ಮೂತಿ ಮೇಲೆ ಮಾಡಿಯೇ ಇಟ್ಟುಕೊಳ್ಳಬೇಕು. ಇನ್ನೊಂದು ಸಂಗತಿ: ನೇರ ಬಿಸಿಲಲ್ಲಿ ಕಾಗದ ಕಣ್ಣು ಕೋರೈಸುವುದರಿಂದ ಬಣ್ಣವನ್ನು ಬೇಕಾದ್ದಕ್ಕಿಂತ ಗಾಢವಾಗಿ ಹಾಕುತ್ತೇವೆ, ಮನೆಯೊಳಗೆ ತಂದರೆ ಚಿತ್ರ ಮಂಕಾಗಿ ಕಾಣುತ್ತದೆ. ಕಾಗದ ನಿಮ್ಮ ಮೈನೆರಳಿನಲ್ಲಿರುವಂತೆ ಕೂರಿ.

## ಕೂತು ಬರೆಯುವಾಗ

"ಎತ್ತ ನೋಡಿದರೂ ಚೆಂದವೇ. ಎಲ್ಲಿಂದ ಶುರು ಮಾಡ್ಲಿ?"

ಮನೆಯ ಮೆಟ್ಟಿಲಿನಿಂದ. ಉದ್ಯಾನದ ವಿಸ್ತಾರ ಸುಮಾರು 1,075 ಚದರ ಕಿಲೋಮೀಟರ್, ಎರಡು ವಾರದಲ್ಲಿ ನೋಡಿ ಮುಗಿಯುವಂಥದ್ದಲ್ಲ. ಆದರೆ ಕಾಲ್ನಡಿಗೆಯಲ್ಲಿ ಸಿಗುವ ಒಂದು ತೊರೆಯ ತಿರುವನ್ನೋ ಒಂದು ಬಂಡೆಯನ್ನೋ ಅಷ್ಟರಲ್ಲಿ ಚೆನ್ನಾಗಿ ಪರಿಚಯ ಮಾಡಿಕೊಳ್ಳಬಹುದು. ಪ್ರವಾಸಿಗರು ಒಂದು ಹಗಲಿಗೆ ಬಂದು ಹೋಗುತ್ತಾರೆ. ಅವರಿಗೆ ಇಲ್ಲದ ಒಂದೇ ಅನುಕೂಲ ನಿಮಗಿದೆ, ಅದೇ ಜಾಗಕ್ಕೆ ನಾಳೆಯೂ ಬರಬಹುದು. ಉದ್ಯಾನ ನಿಮಗೆ ಕೊಟ್ಟಿರುವುದು ಅದನ್ನೇ. ಅದನ್ನು ಬಿಟ್ಟು ಪ್ರಸಿದ್ಧ ನೋಟಗಳ ಪಟ್ಟಿ ಹಿಡಿದು ಓಡಿದರೆ ಸ್ಕೆಚ್ ಬುಕ್ ತುಂಬುತ್ತದೆ, ಒಂದು ಚಿತ್ರವೂ ಮಾಗುವುದಿಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ನಾನು ಹಿಡಿದುಕೊಂಡದ್ದು ಮನೆಯ ಕೆಳಗಿನ ಒಂದು ಬಂಡೆ. ಮೊದಲ ದಿನ ಅದು ಬೂದು ಬಣ್ಣದ ಕಲ್ಲು, ಅಷ್ಟೇ. ಮರುದಿನ ಹೋದರೆ ಅದರ ಮೇಲೆ ಕಲ್ಲುಹೂವು ಕಂಡಿತು. ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವಿನ ದೂರದ ನೆಂಟರು ಇವು. ಒಂದು ಕಿತ್ತಳೆ, ಒಂದು ಬೂದುಹಸಿರು, ಇನ್ನೊಂದು ನಿಂಬೆಹಳದಿ ಬಣ್ಣದ್ದು, ಸುತ್ತ ಕಪ್ಪು ಅಂಚು. ಒಂದರ ಅಂಚು ಇನ್ನೊಂದಕ್ಕೆ ತಾಗಿದ ಕಡೆ ಎರಡೂ ನಿಂತುಬಿಟ್ಟಿದ್ದವು, ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಇಂಥ ಕಲ್ಲುಹೂವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈ ಅಗಲದ ತೇಪೆಯೊಂದು ಉದ್ಯಾನಕ್ಕಿಂತ ಹಳೆಯದಿರಬಹುದು. ಮಳೆ ಬಿದ್ದ ಮೇಲೆ ಬಣ್ಣಗಳೆಲ್ಲ ಗಾಢವಾದವು, ಒಣಗಿದಾಗ ಮತ್ತೆ ಮಂಕಾದವು. ಆ ಒಂದು ಕಲ್ಲು ನನ್ನ ಅರ್ಧ ಪುಸ್ತಕವನ್ನು ತುಂಬಿತು.

"ಆಸ್ಪೆನ್ ಮರ ಬಿಳಿ, ಕಾಗದನೂ ಬಿಳಿ. ಏನು ಬರೆಯೋದು?"

ಹತ್ತಿರ ಹೋಗಿ ನೋಡಿ, ಅದು ಬಿಳಿಯಲ್ಲ. ತೊಗಟೆಯಲ್ಲೇ ಹಸಿರು ಇದೆ, ಎಲೆಯಂತೆ ತೊಗಟೆಯೂ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದೆ. ಅದರ ಮೇಲೆ ಬೆರಳಿಗೆ ಹತ್ತುವ ಬಿಳಿ ಪುಡಿ. ಹಾಗಾಗಿ ಬಿಸಿಲಿನ ಬದಿಗೆ ಯೆಲ್ಲೋ ಓಕರ್ ತೆಳುವಾಗಿ, ನೆರಳಿನ ಬದಿಗೆ ಕೋಬಾಲ್ಟ್ ನೀಲಿಗೆ ಚೂರು ಹಸಿರು ಬೆರೆಸಿ ಹಾಕಿದರೆ ಮರ ದುಂಡಗಾಗುತ್ತದೆ. ಮೊದಲು ಹಿಂದಿನ ಪೈನ್ ಮರಗಳ ಕಡುಬಣ್ಣ ಹಾಕಿ, ಕಾಂಡವನ್ನು ಬಿಟ್ಟುಕೊಳ್ಳಿ.

ಕಾಂಡದ ಮೇಲಿನ ಕಪ್ಪನ್ನು ಮನಬಂದಂತೆ ಹಾಕಬೇಡಿ, ಎಲ್ಲದಕ್ಕೂ ಕಾರಣವಿದೆ. ಕಣ್ಣಿನಾಕಾರದ ಗುರುತುಗಳು ಉದುರಿದ ಕೊಂಬೆಗಳವು, ಮೇಲೆ ಹುಬ್ಬಿನಂತೆ ಬಾಗಿದ ಗೆರೆ ಇರುತ್ತದೆ. ಬುಡದಿಂದ ಆಳೆತ್ತರದವರೆಗೆ ಒರಟಾದ ಕಪ್ಪು ಇದ್ದರೆ ಅದು ಎಲ್ಕ್‌ಗಳ ಕೆಲಸ. ಚಳಿಗಾಲದಲ್ಲಿ ಹುಲ್ಲು ಸಿಗದಾಗ ತೊಗಟೆ ತಿನ್ನುತ್ತವೆ. ಅವಕ್ಕೆ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ, ಕೆಳಹಲ್ಲಿನಿಂದ ಮೇಲ್ಮುಖವಾಗಿ ಕೆರೆಯುತ್ತವೆ. ಬ್ರಶ್ಶನ್ನೂ ಕೆಳಗಿನಿಂದ ಮೇಲಕ್ಕೆ ಎಳೆದರೆ ಆ ಗಾಯ ಸರಿಯಾಗಿ ಮೂಡುತ್ತದೆ.

ಎಲೆ ಸದಾ ನಡುಗುವುದಕ್ಕೂ ಕಾರಣವಿದೆ. ತೊಟ್ಟು ಉದ್ದ, ಪಟ್ಟಿಯಂತೆ ಚಪ್ಪಟೆ, ಹಾಗಾಗಿ ನಮ್ಮ ಅರಳಿ ಎಲೆಯಂತೆ ಸಣ್ಣ ಗಾಳಿಗೂ ಅಲುಗುತ್ತದೆ. ಇನ್ನು ಒಂದು ತೋಪಿನ ಮರಗಳೆಲ್ಲ ಬಹಳಷ್ಟು ಸಲ ಒಂದೇ ಬೇರಿನಿಂದ ಎದ್ದವು. ಸೆಪ್ಟೆಂಬರ್‌ನಲ್ಲಿ ಒಂದು ಗುಂಪು ಪೂರ್ತಿ ಹಳದಿಯಾಗಿ ಪಕ್ಕದ ಗುಂಪು ಪೂರ್ತಿ ಹಸಿರಾಗಿ ಇರುವುದು ಇದರಿಂದಲೇ. ಹಳದಿ-ಹಸಿರನ್ನು ಮರಮರಕ್ಕೆ ಹಂಚಿ ಬರೆದ ಚಿತ್ರ ನೋಡಿದರೆ, ಬರೆದವರು ಅಲ್ಲಿ ಕೂತಿರಲಿಲ್ಲ ಎಂದು ಗೊತ್ತಾಗುತ್ತದೆ.

"ನಮ್ಮ ಮಲೆನಾಡಿನ ಬೆಟ್ಟ ಬರೆದರೆ ಆಳ ಬರುತ್ತೆ. ಅಲ್ಲಿಯ ಬೆಟ್ಟ ಯಾಕೆ ಚಪ್ಪಟೆ?"

ಮಲೆನಾಡಿನಲ್ಲಿ ಗಾಳಿಯಲ್ಲಿ ತೇವವಿದೆ. ಕುದುರೆಮುಖದ ಕಡೆ ನಿಂತರೆ ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ನೀಲಿಯಾಗುತ್ತ, ಮಸುಕಾಗುತ್ತ ಹೋಗುತ್ತದೆ. ಆಳವನ್ನು ಮಂಜೇ ಬರೆದುಕೊಡುತ್ತದೆ. ರಾಕಿ ಬೆಟ್ಟಗಳ ಒಣ, ತೆಳು ಗಾಳಿಯಲ್ಲಿ ಹತ್ತು ಮೈಲಿ ಆಚೆಯ ಬಂಡೆಯ ಬಿರುಕೂ ಕಾಣುತ್ತದೆ. 4,346 ಮೀಟರ್‌ನ ಲಾಂಗ್ಸ್ ಶಿಖರ ಕೈಗೆ ಸಿಗುವಂತಿರುತ್ತದೆ.

ಆದ್ದರಿಂದ ಆಳವನ್ನು ಬೇರೆ ದಾರಿಯಲ್ಲಿ ತರಬೇಕು. ಒಂದು, ಓಡುವ ಮೋಡದ ನೆರಳು. ಹತ್ತಿರದ ಗುಡ್ಡ ನೆರಳಲ್ಲಿ, ಹಿಂದಿನದು ಬಿಸಿಲಲ್ಲಿ ಇರುವ ಗಳಿಗೆ ಬಂದರೆ ಪೆನ್ಸಿಲ್‌ನಲ್ಲಿ ನೆರಳಿನ ಅಂಚು ಗುರುತು ಮಾಡಿಕೊಳ್ಳಿ, ಮೋಡ ಸರಿದ ಮೇಲೂ ಅದನ್ನೇ ನಂಬಿ. ಇನ್ನೊಂದು, ಮರಗಳ ಅಳತೆ. ಸುಮಾರು 3,500 ಮೀಟರ್‌ನಲ್ಲಿ ಕಾಡು ನಿಂತುಹೋಗುತ್ತದೆ. ಆ ಎಲ್ಲೆಯ ಮರಗಳನ್ನು ಚುಕ್ಕಿಗಳಷ್ಟು ಸಣ್ಣದಾಗಿಸಿದರೆ ಮೇಲಿನ ಬಂಡೆ ತಾನಾಗಿ ದೊಡ್ಡದಾಗುತ್ತದೆ. ಎಲ್ಲರೂ ಮರಗಳನ್ನು ದೊಡ್ಡದು ಮಾಡಿ ಬೆಟ್ಟವನ್ನು ಗುಡ್ಡ ಮಾಡಿಬಿಡುತ್ತಾರೆ.

"ಪ್ರಾಣಿಗಳು ನಿಲ್ಲೋದೇ ಇಲ್ಲ. ಹತ್ತಿರ ಹೋಗಿ ಬರೆಯಬಹುದಾ?"

ಹೋಗುವಂತಿಲ್ಲ. ಎಲ್ಕ್ ಮತ್ತು ಬಿಗ್‌ಹಾರ್ನ್ ಎಂಬ ಬೆಟ್ಟದ ಕುರಿಗಳಿಂದ ಕನಿಷ್ಠ 75 ಅಡಿ, ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಮತ್ತು ಕರಡಿಯಿಂದ 120 ಅಡಿ ದೂರ ಇರಬೇಕೆಂಬುದು ಈ ಉದ್ಯಾನದ ನಿಯಮ. ಸೆಪ್ಟೆಂಬರ್‌ನ ಗಂಡು ಎಲ್ಕ್‌ಗೆ ಅದಕ್ಕಿಂತಲೂ ಹೆಚ್ಚು ಜಾಗ ಬಿಡಿ. ದುರ್ಬೀನು ಇದ್ದರೆ ಸಾಕು.

ಒಂದೇ ಹಾಳೆಯಲ್ಲಿ ಐದಾರು ಚಿತ್ರ ಒಟ್ಟಿಗೆ ಶುರು ಮಾಡಿ: ಮೇಯುವಾಗಿನ ಬೆನ್ನಿನ ಗೆರೆ, ಕತ್ತೆತ್ತಿದಾಗ, ಕೂಗುವಾಗ ಕೊಂಬು ಬೆನ್ನಿಗೆ ತಾಗುವಂತೆ ಹಿಂದೆ ಬಾಗಿದ್ದು. ಪ್ರಾಣಿ ತಿರುಗಿದರೆ ಮುಂದಿನ ಚಿತ್ರಕ್ಕೆ ಹೋಗಿ. ಅದು ಮತ್ತೆ ಹಳೆಯ ಭಂಗಿಗೆ ಬಂದೇ ಬರುತ್ತದೆ, ಆಗ ಬಿಟ್ಟದ್ದನ್ನು ಮುಂದುವರಿಸಿ. ಇಂದು ಹಿಂಡುಹಿಂಡಾಗಿ ಕಾಣುವ ಈ ಎಲ್ಕ್‌ಗಳು ಬೇಟೆಗೆ ಸಿಕ್ಕಿ ಆ ಸೀಮೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗಿದ್ದವು. 1913-14ರಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ ತಂದು ಬಿಟ್ಟ ಮೇಲೆ ಮತ್ತೆ ಬೆಳೆದವು.

"ಮಧ್ಯಾಹ್ನ ಬೆಳಕು ಚೆನ್ನಾಗಿರುತ್ತಲ್ಲ, ಮೇಲೆ ಕೂತಿರಬಹುದಾ?"

ಜುಲೈ-ಆಗಸ್ಟ್‌ನಲ್ಲಿ ಬೇಡ. ಬೆಳಿಗ್ಗೆ ಸ್ವಚ್ಛ ಆಕಾಶವಿದ್ದರೂ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಸಿಡಿಲು ಬೀಳುತ್ತದೆ. ಮರಗಳ ಎಲ್ಲೆಯ ಮೇಲೆ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ, ಪಕ್ಕದಲ್ಲಿ ಲೋಹದ ಈಸೆಲ್ ಬೇರೆ. ಹನ್ನೆರಡರೊಳಗೆ ಇಳಿದುಬಿಡಿ.

"ಫೋಟೋ ತೆಗೆದು ಮನೇಲಿ ಬರೆದರೆ ಆಗಲ್ವಾ?"

ನೆನಪಿಗೆ ತೆಗೆದುಕೊಳ್ಳಿ, ಆದರೆ ಬರೆದು ಮುಗಿಸಿದ ಮೇಲೆ. ಮೊದಲೇ ತೆಗೆದರೆ ಕಣ್ಣು ಸೋಮಾರಿಯಾಗುತ್ತದೆ. ಫೋನಿನ ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ದೂರದ ಬೆಟ್ಟವನ್ನು ಕುಗ್ಗಿಸುತ್ತದೆ. ನೆರಳಿನಲ್ಲಿದ್ದ ನೀಲಿ, ನೇರಳೆ ಬಣ್ಣಗಳು ನಿಮ್ಮ ಪಕ್ಕದ ಟಿಪ್ಪಣಿಯಲ್ಲಿ ಮಾತ್ರ ಸಿಗುತ್ತವೆ.

## ನಿಯಮ, ಸರಿ-ತಪ್ಪು

"ಬಿದ್ದಿರೋ ಗರಿ, ಎಲೆ, ಕಲ್ಲು ತಂದು ಕೊಲಾಜ್ ಮಾಡಬಹುದಾ? ಬಿದ್ದಿರೋದು ತಾನೇ?"

ಆಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಂದ ಗಿಡ, ಕಲ್ಲು, ಮೂಳೆ, ಉದುರಿದ ಕೊಂಬು ಏನನ್ನೂ ಒಯ್ಯುವಂತಿಲ್ಲ. ಉಳಿಯಲು ಬಂದ ಕಲಾವಿದರಿಗೆಂದು ಇದರಲ್ಲಿ ರಿಯಾಯಿತಿ ಇಲ್ಲ. ಗರಿಯ ವಿಷಯ ಇನ್ನೂ ಕಟ್ಟುನಿಟ್ಟು. ಟೋಪಿಗಳಿಗೆ ಗರಿ ಸಿಕ್ಕಿಸುವ ಫ್ಯಾಷನ್ನಿಗಾಗಿ ಹಕ್ಕಿಗಳನ್ನು ಲೆಕ್ಕವಿಲ್ಲದೆ ಕೊಂದ ಕಾಲದ ನಂತರ, 1918ರಲ್ಲಿ, ವಲಸೆ ಹಕ್ಕಿಗಳ ಕಾನೂನು ಬಂತು. ಅದರಂತೆ ಅಲ್ಲಿಯ ಬಹುತೇಕ ಕಾಡುಹಕ್ಕಿಗಳ ಉದುರಿದ ಗರಿಯನ್ನು ಇಟ್ಟುಕೊಳ್ಳುವುದೂ ಅಪರಾಧ. ನವಿಲುಗರಿಯನ್ನು ಪುಸ್ತಕದಲ್ಲಿಟ್ಟು ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಕೊಂದ ಹಕ್ಕಿಯ ಗರಿ, ಉದುರಿದ ಗರಿ ಎಂದು ಗುರುತಿಸುವುದು ಯಾರಿಗೂ ಸಾಧ್ಯವಿಲ್ಲದ ಕಾರಣ ಈ ನಿಯಮ. ಇದ್ದಲ್ಲೇ ಬಿಟ್ಟು, ಕೂತು ಬರೆಯಿರಿ.

"ಸುಟ್ಟ ಕಾಡಿನ ಇದ್ದಿಲಿನಿಂದಲೇ ಆ ಕಾಡನ್ನ ಬರೆಯಬೇಕು ಅಂತ ಆಸೆ."

ಆಸೆ ಚೆನ್ನಾಗಿದೆ, ಆದರೆ ಆ ಇದ್ದಿಲೂ ಉದ್ಯಾನದ್ದೇ. ಅಂಗಡಿಯ ವಿಲೋ ಇದ್ದಿಲು ತನ್ನಿ. ಬರೆಯಲು ಮಾತ್ರ ಸುಟ್ಟ ಕಾಡಿನಷ್ಟು ಕಲಿಸುವ ಜಾಗ ಇನ್ನೊಂದಿಲ್ಲ. 2020ರಲ್ಲಿ ಕ್ಯಾಮರಾನ್ ಪೀಕ್ ಮತ್ತು ಈಸ್ಟ್ ಟ್ರಬಲ್‌ಸಮ್ ಎಂಬ ಎರಡು ಕಾಳ್ಗಿಚ್ಚುಗಳಲ್ಲಿ ಉದ್ಯಾನದ ಸುಮಾರು 30,000 ಎಕರೆ ಸುಟ್ಟಿತು. ಅಕ್ಟೋಬರ್‌ನಲ್ಲಿ ಎರಡನೆಯ ಬೆಂಕಿ ಮರವೇ ಇಲ್ಲದ ಬೆಟ್ಟದ ನೆತ್ತಿಯನ್ನೂ ಹಾರಿ ಪೂರ್ವಕ್ಕೆ ಬಂತು, ಎಸ್ಟೆಸ್ ಪಾರ್ಕ್ ಊರನ್ನೇ ಖಾಲಿ ಮಾಡಿಸಿದರು.

ಅಲ್ಲಿ ಎಲ್ಲ ಕಪ್ಪು ಎಂದುಕೊಂಡು ಹೋಗಬೇಡಿ. ತೊಗಟೆ ಉದುರಿದ ಕಾಂಡ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಬೆಂಕಿಗೆ ಮುಂಚೆಯೇ ತೊಗಟೆ ಕೊರೆಯುವ ಹುಳು ತಿಂದು ಸತ್ತ ಪೈನ್ ಮರಗಳೂ ಬಹಳ. ಆ ಹುಳು ತರುವ ಶಿಲೀಂಧ್ರದಿಂದ ಮರದ ಒಳಗೆ ನೀಲಿ ಕಲೆ ಹರಡಿರುತ್ತದೆ, ಮುರಿದ ಕಡೆ ಅದು ಕಾಣುತ್ತದೆ. ನೆಲದಲ್ಲಿ ಫೈರ್‌ವೀಡ್ ಎಂಬ ಗುಲಾಬಿನೇರಳೆ ಹೂವು. ಲಾಡ್ಜ್‌ಪೋಲ್ ಪೈನಿನ ಅಂಟು ಬಿಗಿದ ಕಾಯಿಗಳು ಬೆಂಕಿಯ ಕಾವಿಗೆ ಬಿಚ್ಚಿ ಬೀಜ ಉದುರಿಸುತ್ತವೆ, ಆ ಸಸಿಗಳು ಬೂದಿಯ ನಡುವೆ ಎದ್ದಿರುತ್ತವೆ. ಗಾಳಿ ಜೋರಿದ್ದ ದಿನ ಒಳಗೆ ಹೋಗಬೇಡಿ, ಬೇರು ಸುಟ್ಟ ಮರ ಯಾವಾಗ ಬೇಕಾದರೂ ಬೀಳುತ್ತದೆ.

"ಬ್ರಶ್ ತೊಳೆದ ನೀರು ತೊರೆಗೆ ಚೆಲ್ಲಿದರೆ ಏನಾಗುತ್ತೆ, ಒಂದು ಲೋಟ ಅಷ್ಟೇ ಅಲ್ವಾ?"

ಕ್ಯಾಡ್ಮಿಯಂ, ಕೋಬಾಲ್ಟ್ ಬಣ್ಣಗಳಲ್ಲಿ ವಿಷವಿದೆ, ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್. ಮುಚ್ಚಳವಿರುವ ಡಬ್ಬದಲ್ಲಿ ತುಂಬಿ ಮನೆಗೆ ತನ್ನಿ. ತೊಳೆಯುವ ನೀರನ್ನೂ ತೊರೆಯಿಂದ ಎತ್ತಿಕೊಳ್ಳದೆ ಮನೆಯಿಂದಲೇ ಒಯ್ಯುವುದು ನನ್ನ ರೂಢಿ.

"ಕಲ್ಲು ಜೋಡಿಸಿ ಶಿಲ್ಪ ಮಾಡಿ, ಫೋಟೋ ತೆಗೆದು ಮತ್ತೆ ಬಿಡಿಸಿಬಿಟ್ಟರೆ?"

ಕಲ್ಲು ಎತ್ತಿದರೆ ಅದರಡಿಯ ಜೀವಗಳ ಮನೆ ಹೋಯಿತು. ಜೊತೆಗೆ ಕೆಲವು ಕಡೆ ಕಲ್ಲುಗುಪ್ಪೆಗಳೇ ಚಾರಣದ ದಾರಿಯ ಗುರುತು, ಹೊಸದನ್ನು ಕಟ್ಟಿದರೆ ಹಿಂದೆ ಬರುವವರು ದಾರಿ ತಪ್ಪುತ್ತಾರೆ. ಉದ್ಯಾನದ ಮೂರನೇ ಒಂದು ಭಾಗ ಮರಗಳ ಎಲ್ಲೆಯ ಮೇಲಿದೆ. ಅಲ್ಲಿಯ ಗಿಡಗಳು ನೆಲಕ್ಕಂಟಿದ ದಿಂಬಿನಂತೆ ಬೆಳೆಯುತ್ತವೆ, ವರ್ಷದಲ್ಲಿ ಕೆಲವೇ ವಾರ ಬೆಚ್ಚಗಿರುವ ಆ ನೆಲದಲ್ಲಿ ತುಳಿದ ಗುರುತು ಹತ್ತಾರು ವರ್ಷ ಮಾಯುವುದಿಲ್ಲ. ಅಲ್ಲಿ ದಾರಿಯ ಮೇಲೆ ಇಲ್ಲವೇ ಬಂಡೆಯ ಮೇಲೆ ಕೂತು ಬರೆಯಿರಿ.

"ಮನುಷ್ಯರೇ ಇಲ್ಲದ ಕಾಡು ಅಂತ ಬರೆಯೋದು ಸರೀನಾ?"

ಇದನ್ನು ಕೇಳಿದ್ದು ಧಾರವಾಡದ ಒಬ್ಬ ವಿದ್ಯಾರ್ಥಿನಿ, ಎಲ್ಲರೂ ಕೇಳಬೇಕಾದ ಪ್ರಶ್ನೆ. ಹತ್ತೊಂಬತ್ತನೇ ಶತಮಾನದ ಆ ದೊಡ್ಡ ಕ್ಯಾನ್ವಾಸ್‌ಗಳು ಬೆಟ್ಟಗಳನ್ನು ಬಹುಪಾಲು ಜನರಿಲ್ಲದ ದೇವಲೋಕವೆಂಬಂತೆ ತೋರಿಸಿದವು. ಆದರೆ ಅದು ಯೂಟ್ ಮತ್ತು ಅರಪಾಹೊ ಎಂಬ ಮೂಲನಿವಾಸಿ ಜನರ ನೆಲ. ಟ್ರೇಲ್ ರಿಡ್ಜ್ ರಸ್ತೆಯ ಆಸುಪಾಸಿನಲ್ಲೇ ಯೂಟರು ಬೆಟ್ಟ ದಾಟುತ್ತಿದ್ದ ಹಳೆಯ ಹಾದಿ ಇದೆ. ಅವರನ್ನು ಅಲ್ಲಿಂದ ದೂರದ ಮೀಸಲು ಪ್ರದೇಶಗಳಿಗೆ ಕಳಿಸಿಯಾದ ಮೇಲೆ, 1914ರಲ್ಲಿ, ಅರಪಾಹೊ ಹಿರಿಯರಿಬ್ಬರನ್ನು ಕರೆತಂದು ಬೆಟ್ಟ, ಕಣಿವೆ, ಹಾದಿಗಳ ಹೆಸರುಗಳನ್ನು ಬರೆದುಕೊಂಡರು. ಕವುನೀಚೆ ಕಣಿವೆಯಂಥ ಹೆಸರುಗಳು ಹಾಗೆ ಉಳಿದವು.

ಚಿತ್ರದಲ್ಲಿ ಮನುಷ್ಯರನ್ನು ತುರುಕಬೇಕೆಂದು ನಾನು ಹೇಳುವುದಿಲ್ಲ. ಆದರೆ ಹಾದಿ ಕಂಡರೆ ಹಾದಿಯನ್ನು ಬರೆಯಿರಿ, ರಸ್ತೆ, ಬೇಲಿ, ಕಾರು ನಿಲ್ಲಿಸುವ ಜಾಗವನ್ನೂ ಬರೆಯಿರಿ. ಅಲ್ಲಿ ಆಸ್ಪೆನ್ ಸಸಿಗಳನ್ನು ಎಲ್ಕ್ ತಿನ್ನದಂತೆ ಎತ್ತರದ ಬೇಲಿ ಹಾಕಿದ್ದಾರೆ. ಅದನ್ನು ಬಿಟ್ಟು ಮರ ಮಾತ್ರ ಬರೆದರೆ ಆ ಕಾಡು ಇಂದು ಹೇಗೆ ಉಳಿದಿದೆ ಎಂಬ ಸಂಗತಿಯೇ ಚಿತ್ರದಿಂದ ಹೊರಗೆ ಹೋಗುತ್ತದೆ. ನನ್ನ ಚಿತ್ರಗಳಲ್ಲಿ ಬೇಲಿ ಇದೆ.

## ಕೆಲಸ ಮುಗಿದ ಮೇಲೆ, ಮತ್ತು ನಮ್ಮ ಕಡೆ

"ಜನರ ಮುಂದೆ ಮಾತಾಡೋದು ಭಯ. ಏನು ಹೇಳಲಿ?"

ಭಾಷಣ ಬೇಡ, ಎಲ್ಲರ ಕೈಗೂ ಪೆನ್ಸಿಲ್ ಕೊಡಿ. ಒಂದು ಎಲೆಯನ್ನು ಗಿಡದಲ್ಲೇ ಬಿಟ್ಟು, ಕಾಗದ ನೋಡದೆ ಎಲೆಯ ಅಂಚನ್ನಷ್ಟೇ ನೋಡುತ್ತ ಗೆರೆ ಎಳೆಯಲು ಹೇಳಿ. ಮಕ್ಕಳು ಕೂಡಲೇ ಶುರು ಮಾಡುತ್ತಾರೆ, ದೊಡ್ಡವರು ಸ್ವಲ್ಪ ಹೊತ್ತು ಸಂಕೋಚಪಟ್ಟು ಆಮೇಲೆ ಏಳುವುದೇ ಇಲ್ಲ. ಮಗಳ ಮನೆಗೆಂದು ಚಿಕ್ಕಮಗಳೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ಆಸ್ಪೆನ್ ಬುಡದ ಕಪ್ಪು ನೋಡಿ, "ಇಲ್ಲೂ ದನ ತೊಗಟೆ ಕೆರೀತವಾ ಮಗಳೇ?" ಎಂದು ಕೇಳಿದರು. ಎಷ್ಟೋ ಜನ ದಾಟಿಹೋದ ಗುರುತು ತೋಟದಲ್ಲಿ ಬಾಳಿದ ಆ ಕಣ್ಣಿಗೆ ಮೊದಲ ನೋಟಕ್ಕೇ ಬಿತ್ತು. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಉಳಿದವರಿಗೆ ವಿವರಿಸಿದೆ, ಆ ದಿನದ ಪಾಠ ಅಲ್ಲಿಂದಲೇ ಬೆಳೆಯಿತು.

"ಯಾವ ಚಿತ್ರ ಕೊಡಬೇಕು? ಹಕ್ಕು ಯಾರದು?"

ಕೊಡುವ ಚಿತ್ರದ ಹಕ್ಕಿನ ಬಗ್ಗೆ ಒಪ್ಪಂದದಲ್ಲಿ ಏನಿದೆ ಎಂದು ಸಹಿ ಹಾಕುವ ಮುನ್ನ ಓದಿ. ಉದ್ಯಾನ ಅದನ್ನು ಯಾವುದಕ್ಕೆಲ್ಲ ಬಳಸಬಹುದು, ನೀವು ಮುದ್ರಿಸಿ ಮಾರಬಹುದೇ, ಎರಡನ್ನೂ ಕೇಳಿಕೊಳ್ಳಿ. ಉದ್ಯಾನದೊಳಗೆ ಪರವಾನಗಿ ಇಲ್ಲದೆ ಮಾರಾಟ ಮಾಡುವಂತಿಲ್ಲ. ಕೊಡುವುದು ಮಾತ್ರ ನಿಮಗೆ ಕೊಡಲು ಮನಸ್ಸಾಗದಷ್ಟು ಒಳ್ಳೆಯದೇ ಆಗಿರಲಿ.

"ಅಮೆರಿಕ ಬಿಡಿ, ಕರ್ನಾಟಕದಲ್ಲಿ ಹೀಗೆ ಕೂತು ಬರೆಯೋಕೆ ಏನು ಮಾಡಬೇಕು?"

ನಮ್ಮಲ್ಲೂ ಇದಕ್ಕೆ ಹಳೆಯ ಬೇರಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಭಾರತೀಯ ಚಿತ್ರಕಾರನೊಬ್ಬನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಆ ಹಾಳೆಗಳು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಲಾಲ್‌ಬಾಗ್‌ನಲ್ಲಿ ಚೆಲುವಯ್ಯ ರಾಜು ಬರೆದ ಸಸ್ಯಚಿತ್ರಗಳು ಇನ್ನೊಂದು ಆಸ್ತಿ.

ಶುರು ಮಾಡಲು ಲಾಲ್‌ಬಾಗೇ ಸಾಕು. 240 ಎಕರೆ, ನಡುವೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ವಾರಕ್ಕೊಮ್ಮೆ ಒಂದೇ ಮರಕ್ಕೆ ಹೋಗಿ, ಚಿಗುರು, ಹೂವು, ಕಾಯಿ, ಎಲೆ ಉದುರುವುದು ಎಲ್ಲವೂ ಒಂದು ವರ್ಷದಲ್ಲಿ ನಿಮ್ಮ ಪುಸ್ತಕಕ್ಕೆ ಬರುತ್ತವೆ. ಮಳೆಗಾಲದಲ್ಲಿ ಆಗುಂಬೆಯ ಕಡೆ ಹೋಗುವವರು ಜಲವರ್ಣ ಒಣಗುವುದಿಲ್ಲ ಎಂದು ಗೊತ್ತಿದ್ದೇ ಹೋಗಿ. ಅಲ್ಲಿ ಪೆನ್ಸಿಲ್ ಮತ್ತು ಮೇಣದ ಬಣ್ಣ ನಂಬಿಕಸ್ಥ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಹೊಗುವಂತಿಲ್ಲ, ಅಲ್ಲಿಂದ ಏನನ್ನೂ ತರುವಂತಿಲ್ಲ. ಸಫಾರಿ ಜೀಪಿನಲ್ಲಿ ಕೂತು ಬರೆಯಲು ಸಮಯ ಸಿಗುವುದಿಲ್ಲವಾದ್ದರಿಂದ ಅರಣ್ಯ ಇಲಾಖೆಯ ಆಯಾ ವಿಭಾಗದ ಕಚೇರಿಗೆ ಮೊದಲೇ ಪತ್ರ ಬರೆಯಿರಿ: ಯಾವ ಜಾಗ, ಎಷ್ಟು ದಿನ, ಏನು ಸಾಮಗ್ರಿ, ಮುಗಿದ ಮೇಲೆ ಆ ಊರಿನ ಶಾಲೆಯ ಮಕ್ಕಳಿಗೆ ಏನು ಮಾಡಿ ತೋರಿಸುತ್ತೀರಿ ಎಂದು. ಕಾಡಿನ ಅಂಚಿನ ಹೋಮ್‌ಸ್ಟೇ ಅಥವಾ ಪರಿಚಯದವರ ತೋಟದಲ್ಲಿ ಉಳಿದರೆ ಬೆಳಗಿನ ಜಾವದ ಬೆಳಕೂ ನಿಮಗೆ ಸಿಗುತ್ತದೆ.